ಹೊಸ ಚೆಂಡಿಗೆ ಜೋಡಿ ಹುಡುಕುವುದು ಹೇಗೆ?

ಜಿಲ್ಲಾ ತಂಡವಿರಲಿ, ಕಾಲೇಜು ತಂಡವಿರಲಿ, 50 ಓವರ್‌ಗಳ ಕ್ರಿಕೆಟ್ ಪಂದ್ಯಕ್ಕೆ ಹನ್ನೊಂದು ಹೆಸರು ಬರೆಯಲು ಕುಳಿತಾಗ ಕಳೆದ ವರ್ಷ ಅತಿ ಹೆಚ್ಚು ರನ್ ಗಳಿಸಿದವರು ಯಾರೆಂದು ನೋಡಿ ಮೊದಲ ಎರಡು ಸಾಲು ತುಂಬಿಬಿಡುವುದು ರೂಢಿ. ತಂಡದ ಅರ್ಧ ಕಷ್ಟ ಅಲ್ಲಿಂದಲೇ ಶುರುವಾಗುತ್ತದೆ. ಹೊಸ ಚೆಂಡನ್ನು ಎದುರಿಸಿ ಇನಿಂಗ್ಸ್ ಶುರುಮಾಡುವ ಇಬ್ಬರನ್ನು, ಅಂದರೆ ಆರಂಭಿಕರನ್ನು, ಜೋಡಿಯಾಗಿಯೇ ಆರಿಸಬೇಕು. ಒಬ್ಬನ ಆಟದ ಕೊರತೆಯನ್ನು ಇನ್ನೊಬ್ಬನ ಆಟ ತುಂಬಬೇಕು.

ಮೊದಲಿಗೆ, ಅವರಿಗೆ ವಹಿಸುವ ಕೆಲಸ ಯಾವುದೆಂದು ಸ್ಪಷ್ಟಪಡಿಸಿಕೊಳ್ಳಿ. ಅಂತರರಾಷ್ಟ್ರೀಯ ಏಕದಿನ ಪಂದ್ಯದ ಮೊದಲ 10 ಓವರ್‌ಗಳಲ್ಲಿ 30 ಗಜದ ವೃತ್ತದ ಹೊರಗೆ ಇಬ್ಬರು ಫೀಲ್ಡರ್‌ಗಳಿಗೆ ಮಾತ್ರ ಅವಕಾಶ. 11ರಿಂದ 40ನೇ ಓವರ್‌ವರೆಗೆ ನಾಲ್ವರು ಹೊರಗೆ ನಿಲ್ಲಬಹುದು. ಬೌಂಡರಿ ಸುಲಭವಾಗಿ ಸಿಗುವ ಹೊತ್ತು ಆ ಮೊದಲ ಹತ್ತು ಓವರ್‌ಗಳೇ, ಚೆಂಡು ಅತಿ ಹೆಚ್ಚು ಕಾಡುವ ಹೊತ್ತೂ ಅದೇ. ಎರಡು ತುದಿಗಳಿಂದ ಎರಡು ಹೊಸ ಬಿಳಿ ಚೆಂಡು ಬಳಸುವುದರಿಂದ ಹತ್ತು ಓವರ್ ಮುಗಿದಾಗಲೂ ಪ್ರತಿ ಚೆಂಡಿನ ವಯಸ್ಸು ಐದೇ ಓವರ್. ನಿಮ್ಮ ಟೂರ್ನಿಯಲ್ಲಿ ಒಂದೇ ಚೆಂಡು ಬಳಸುತ್ತಾರೆಯೇ, ಪಿಚ್ ಮ್ಯಾಟಿನದೇ ಟರ್ಫಿನದೇ ಎಂಬುದನ್ನು ಮೊದಲೇ ವಿಚಾರಿಸಿ. ಮ್ಯಾಟಿನ ಮೇಲೆ ಚೆಂಡು ಪುಟಿಯುವುದರಿಂದ ಹಿಂಗಾಲಿನಲ್ಲಿ ಆಡಲು ಬಾರದವನು ಅಲ್ಲಿ ಆರಂಭಿಕನಾಗಲಾರ.

ಎರಡನೆಯದು ಸ್ಕೋರ್ ಪುಸ್ತಕದ ಕೆಲಸ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಒಟ್ಟು ರನ್, ಸರಾಸರಿಗಳನ್ನು ಬದಿಗಿಟ್ಟು ಪ್ರತಿಯೊಬ್ಬ ಆಟಗಾರನ ಮೊದಲ 30 ಎಸೆತಗಳನ್ನು ಹಾಳೆಯ ಮೇಲೆ ಬಿಡಿಸಿ ಬರೆಯಿರಿ. ಇಬ್ಬರೂ 30 ಎಸೆತಗಳಲ್ಲಿ 24 ರನ್ ಗಳಿಸಿದ್ದಾರೆ ಎಂದಿಟ್ಟುಕೊಳ್ಳಿ. ಮೊದಲನೆಯವನದು ಐದು ಬೌಂಡರಿ, ನಾಲ್ಕು ಒಂಟಿ ರನ್. ಉಳಿದ 21 ಎಸೆತ ಖಾಲಿ. ಎರಡನೆಯವನದು ಎರಡು ಬೌಂಡರಿ, ಎರಡು ಬಾರಿ ಎರಡೆರಡು ರನ್, 12 ಒಂಟಿ ರನ್. ಖಾಲಿ ಹೋದದ್ದು 14 ಎಸೆತ ಮಾತ್ರ. ಮೊತ್ತ ಒಂದೇ, ಆಟ ಬೇರೆ. ಕವರ್ ಮತ್ತು ಪಾಯಿಂಟ್‌ನಲ್ಲಿ ಚುರುಕಾದ ಫೀಲ್ಡರ್‌ಗಳು ನಿಂತ ದಿನ ಮೊದಲನೆಯವನು ಸಿಕ್ಕಿಬೀಳುತ್ತಾನೆ, ತಾಳ್ಮೆ ಕಳೆದುಕೊಂಡು ಚೆಂಡನ್ನು ಗಾಳಿಗೆ ಎತ್ತುತ್ತಾನೆ. ಎರಡನೆಯವನು ಜೊತೆಗಾರನಿಗೆ ಸ್ಟ್ರೈಕ್ ಕೊಡುತ್ತಲೇ ಇರುತ್ತಾನೆ. ಒಬ್ಬ ಹೊಡೆತಗಾರನಿಗೆ ತಂಡದಲ್ಲಿ ಜಾಗ ಖಂಡಿತ ಇರಬೇಕು. ಆದರೆ ಎದುರು ತುದಿಯಲ್ಲಿ ಇಂಥ ಒಂಟಿ ರನ್ನಿನ ಆಟಗಾರ ಇರಲೇಬೇಕು. ಅದೇ ಹಾಳೆಯಲ್ಲಿ ಔಟಾದ ಬಗೆಯನ್ನೂ ಬರೆಯಿರಿ. ಹೊಸ ಚೆಂಡು ಬ್ಯಾಟಿನ ಅಂಚಿಗೆ ತಾಗಿ ಮತ್ತೆ ಮತ್ತೆ ಕೀಪರ್‌ಗೆ ಅಥವಾ ಅವನ ಪಕ್ಕದ ಸ್ಲಿಪ್‌ಗೆ ಕ್ಯಾಚ್ ಹೋಗಿದ್ದರೆ, ಆ ಆಟಗಾರ ನಾಲ್ಕನೇ ಕ್ರಮಾಂಕದಲ್ಲಿ ಹೆಚ್ಚು ಉಪಯೋಗಕ್ಕೆ ಬಂದಾನು.

ಆಮೇಲೆ ನೆಟ್ಸ್, ಅಂದರೆ ಬಲೆಯೊಳಗಿನ ಅಭ್ಯಾಸ. ತಂಡದ ಅತ್ಯುತ್ತಮ ಇಬ್ಬರು ವೇಗಿಗಳ ಕೈಗೆ ನಿಜವಾಗಿಯೂ ಹೊಸದಾದ ಚೆಂಡು ಕೊಡಿ. ಸವೆದ ಚೆಂಡಿನಲ್ಲಿ ನಡೆಸುವ ಪರೀಕ್ಷೆಗೆ ಬೆಲೆಯಿಲ್ಲ. ಆಫ್ ಸ್ಟಂಪ್ ಎಲ್ಲಿದೆ ಎಂಬ ಅರಿವು ಇದೆಯೇ, ಬಿಡಬೇಕಾದ ಚೆಂಡನ್ನು ಬಿಡುತ್ತಾನೆಯೇ, ಒಳಕ್ಕೆ ಬರುವ ಚೆಂಡಿಗೆ ಬ್ಯಾಟು ಮತ್ತು ಪ್ಯಾಡಿನ ನಡುವೆ ಸಂದಿ ಬೀಳುತ್ತದೆಯೇ ನೋಡಿ.

ಯಾದಿಯಲ್ಲಿ ಆರಂಭಿಕರಷ್ಟೇ ಇರಬೇಕಿಲ್ಲ. ಸಚಿನ್ ತೆಂಡೂಲ್ಕರ್ ಏಕದಿನ ಪಂದ್ಯದಲ್ಲಿ ಮೊದಲ ಬಾರಿ ಇನಿಂಗ್ಸ್ ಆರಂಭಿಸಿದ್ದು 1994ರ ಮಾರ್ಚ್ 27ರಂದು, ಆಕ್ಲೆಂಡಿನಲ್ಲಿ. ಅಂದು ನವಜೋತ್ ಸಿಂಗ್ ಸಿಧು ಅವರಿಗೆ ಕತ್ತು ಹಿಡಿದುಕೊಂಡಿತ್ತು. ಸಚಿನ್ 49 ಎಸೆತಗಳಲ್ಲಿ 82 ರನ್ ಗಳಿಸಿದರು. ಅಲ್ಲಿಯವರೆಗೆ ಏಕದಿನ ಕ್ರಿಕೆಟ್‌ನಲ್ಲಿ ಒಂದೂ ಶತಕವಿಲ್ಲದಿದ್ದ ಅವರು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಆರಂಭಿಕನಾಗಿಯೇ ಮೊದಲ ಶತಕ ಬಾರಿಸಿದರು. ಮಧ್ಯಮ ಕ್ರಮಾಂಕದಲ್ಲಿ ನೆಲೆ ಕಾಣದಿದ್ದ ರೋಹಿತ್ ಶರ್ಮಾ 2013ರಲ್ಲಿ ಆರಂಭಿಕನ ಜಾಗಕ್ಕೆ ಬಂದು, ಅದೇ ನವೆಂಬರ್‌ನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆಸ್ಟ್ರೇಲಿಯಾ ವಿರುದ್ಧ 209 ರನ್ ಗಳಿಸಿದರು. ಹೊಡೆತಗಳ ಸಂಪತ್ತಿದ್ದರೂ ಕೆಳಗೆ ಎಸೆತಗಳು ಸಾಲದೆ ಒದ್ದಾಡುವ ಹುಡುಗ ನಿಮ್ಮ ತಂಡದಲ್ಲೂ ಇರಬಹುದು. ಎರಡು ಅಭ್ಯಾಸ ಪಂದ್ಯಗಳಲ್ಲಿ ಅವನನ್ನು ಮೇಲೆ ಕಳುಹಿಸಿ ನೋಡಿ.

ಈಗ ಜೋಡಿ ಕೂಡಿಸಿ. ಎಡಗೈ, ಬಲಗೈ ಆಟಗಾರರ ಜೋಡಿಯಾದರೆ ಬೌಲರ್ ಪ್ರತಿ ಒಂಟಿ ರನ್ನಿಗೂ ಎಸೆತದ ದಿಕ್ಕು ಬದಲಿಸಬೇಕಾಗುತ್ತದೆ. ಬಲಗೈಯ ಸಚಿನ್ ಮತ್ತು ಎಡಗೈಯ ಸೌರವ್ ಗಂಗೂಲಿ ಏಕದಿನ ಪಂದ್ಯಗಳಲ್ಲಿ ಆರಂಭಿಕ ಜೋಡಿಯಾಗಿ 136 ಇನಿಂಗ್ಸ್‌ಗಳಲ್ಲಿ 6,609 ರನ್ ಸೇರಿಸಿದರು. 2021ರ ಮಾರ್ಚ್‌ನಲ್ಲಿ ವಿಜಯ್ ಹಜಾರೆ ಟ್ರೋಫಿಯ ಕ್ವಾರ್ಟರ್ ಫೈನಲ್‌ನಲ್ಲಿ ಕೇರಳದ ವಿರುದ್ಧ ಕರ್ನಾಟಕದ ಬಲಗೈ ಆಟಗಾರ ಆರ್. ಸಮರ್ಥ್ ಮತ್ತು ಎಡಗೈ ಆಟಗಾರ ದೇವದತ್ತ ಪಡಿಕ್ಕಲ್ ಮೊದಲ ವಿಕೆಟ್‌ಗೆ 249 ರನ್ ಕೂಡಿಸಿದ್ದೂ ಇಂಥದೇ ಜೊತೆಯಾಟ. ಸಮರ್ಥ್ 192, ಪಡಿಕ್ಕಲ್ 101. ಒಬ್ಬರು ವೇಗ ಹೆಚ್ಚಿಸಿದರೆ ಇನ್ನೊಬ್ಬರು ತುದಿ ಕಾದರು. ಆದರೂ ಕೈ ಬೇರೆ ಎಂಬ ಒಂದೇ ಕಾರಣಕ್ಕೆ ದುರ್ಬಲ ಆಟಗಾರನನ್ನು ಸೇರಿಸಿಕೊಳ್ಳುವುದು ತಪ್ಪು. ಇಬ್ಬರ ನಡುವಿನ ಓಟ ಅದಕ್ಕಿಂತ ದೊಡ್ಡದು. ಪ್ಯಾಡ್ ಕಟ್ಟಿಸಿ ಒಟ್ಟಿಗೆ ಓಡಿಸಿ, ಕರೆ ಯಾರದು, ಎಷ್ಟು ಬೇಗ ಬರುತ್ತದೆ ಎಂದು ಗಮನಿಸಿ.

ಹೊಸ ಚೆಂಡು ಆಡಬಲ್ಲ ಎಲ್ಲರನ್ನೂ ಮೇಲೆಯೇ ಖರ್ಚು ಮಾಡಬೇಡಿ. 2016ರಲ್ಲಿ ಹರಾರೆಯಲ್ಲಿ ಪದಾರ್ಪಣೆಯ ಏಕದಿನ ಪಂದ್ಯದಲ್ಲೇ ಆರಂಭಿಕನಾಗಿ ಶತಕ ಗಳಿಸಿದ ಕೆ.ಎಲ್. ರಾಹುಲ್ 2023ರ ವಿಶ್ವಕಪ್‌ನಲ್ಲಿ ಐದನೇ ಕ್ರಮಾಂಕದಲ್ಲಿದ್ದರು. ಚೆನ್ನೈನಲ್ಲಿ ಆಸ್ಟ್ರೇಲಿಯಾ ವಿರುದ್ಧ 2 ರನ್ನಿಗೆ 3 ವಿಕೆಟ್ ಬಿದ್ದಾಗ ಕ್ರೀಸಿಗೆ ಬಂದು ಅಜೇಯ 97 ರನ್ ಗಳಿಸಿ ಪಂದ್ಯ ಗೆಲ್ಲಿಸಿಕೊಟ್ಟರು.

ಜೋಡಿ ನಿರ್ಧಾರವಾದ ಮೇಲೆ ಆರೇಳು ಪಂದ್ಯಗಳಾದರೂ ಮುಟ್ಟಬೇಡಿ. ಚೆಂಡು ಹೆಚ್ಚು ಸ್ವಿಂಗ್ ಆಗುವ ಹೊತ್ತಿನಲ್ಲಿ ಆಡುವವರು ಬೇಗ ಔಟಾಗುವುದು ಸಹಜ. ಎರಡು ಸೊನ್ನೆ ಕಂಡ ಕೂಡಲೇ ಕೈಬಿಡುವ ತಂಡದಲ್ಲಿ ಯಾರೂ ಧೈರ್ಯವಾಗಿ ಡ್ರೈವ್ ಮಾಡುವುದಿಲ್ಲ. ಈ ಮಾತನ್ನು ಆ ಇಬ್ಬರಿಗೂ ಬಾಯಿಬಿಟ್ಟು ಹೇಳಿ.

ಕೊನೆಯದಾಗಿ ಮೂರನೆಯ ಆರಂಭಿಕ. 2025ರ ಮಹಿಳಾ ವಿಶ್ವಕಪ್‌ನಲ್ಲಿ ಸ್ಮೃತಿ ಮಂದಾನ, ಪ್ರತೀಕಾ ರಾವಲ್ ಜೋಡಿ ನ್ಯೂಜಿಲೆಂಡ್ ವಿರುದ್ಧ 212 ರನ್ ಸೇರಿಸಿತ್ತು. ಮುಂದಿನ ಪಂದ್ಯದಲ್ಲೇ ಪ್ರತೀಕಾ ಗಾಯಗೊಂಡರು. ಮೂಲ ತಂಡದಲ್ಲಿಲ್ಲದ ಶಫಾಲಿ ವರ್ಮಾ ಅವರಿಗೆ ಕರೆ ಹೋಯಿತು. ಫೈನಲ್‌ನಲ್ಲಿ ಅವರು 87 ರನ್ ಗಳಿಸಿದರು. ನಿಮ್ಮ ಮೂರನೆಯ ಆಟಗಾರನಿಗೂ ಅಭ್ಯಾಸದಲ್ಲಿ ಹೊಸ ಚೆಂಡೇ ಸಿಗಬೇಕು. ವಾರಕ್ಕೊಮ್ಮೆಯಾದರೂ ಅವನನ್ನು ಮೊದಲ ಸರದಿಯಲ್ಲೇ ನೆಟ್ಸಿಗೆ ಇಳಿಸಿ, ಖಾಯಂ ಆರಂಭಿಕರಿಬ್ಬರೊಂದಿಗೂ ಸರದಿಯಂತೆ ಓಡಿಸಿ.