ಯಾವ ಬಾಗಿಲು ದಾಟಿದರೂ ನಡುಮನೆ

ಹಳೇ ಬ್ರಿಟಿಷ್ ಸರಣಿ ‘ದಿ ಅವೆಂಜರ್ಸ್’ ನೋಡಿದ್ದೀರಾ? ಮಾರ್ವೆಲ್‌ನವರದ್ದಲ್ಲ, ಟೋಪಿ ಹಾಕಿಕೊಂಡು ಕೊಡೆ ಹಿಡಿದ ಗೂಢಚಾರ ಸ್ಟೀಡ್ ಬರುತ್ತಾನಲ್ಲ, ಅದು. ಅದರಲ್ಲಿ 1966ರ ಒಂದು ಕಂತು, ‘ದಿ ಹೌಸ್ ದಟ್ ಜ್ಯಾಕ್ ಬಿಲ್ಟ್’. ಅಂಕಲ್ ಜ್ಯಾಕ್‌ನ ಮನೆ ನಿನ್ನ ಪಾಲಿಗೆ ಬಂದಿದೆ ಎಂದು ಸ್ಟೀಡ್‌ನ ಜೊತೆಗಾತಿ ಎಮ್ಮಾ ಪೀಲ್‌ಗೆ ಸುದ್ದಿ ಬರುತ್ತದೆ. ಹೋಗಿ ನೋಡಿದರೆ ಮನೆಯೇ ಒಂದು ಯಂತ್ರ. ಎತ್ತ ಹೊರಟರೂ ಮತ್ತೆ ಅದೇ ಕೋಣೆ. ಈ ಬಲೆ ಹೆಣೆದವನು ಆಗಲೇ ಸತ್ತಿದ್ದಾನೆ. ದೆವ್ವವಿಲ್ಲ, ಆದರೂ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ನಮ್ಮ ಹವ್ಯಾಸಿ ತಂಡಕ್ಕೆ 20 ನಿಮಿಷದ ನಾಟಕ ಬೇಕಾದಾಗ ಆ ಕೋಣೆಯ ಐಡಿಯಾ ಒಂದನ್ನೇ ಎತ್ತಿಕೊಂಡೆ. ಮಲ್ಲೇಶ್ವರದ ಹಳೇ ಮನೆ, ಕೀಲಿ ಹಿಡಿದು ಬರುವ ಸೋದರಸೊಸೆ. ಯಾವ ಬಾಗಿಲು ದಾಟಿದರೂ ನಡುಮನೆ.

ಮೊದಲ ರಿಹರ್ಸಲ್‌ನಲ್ಲಿ ಎಲ್ಲರೂ ನಕ್ಕರು. ಹುಡುಗಿ ಎಡಗಡೆ ಹೋಗಿ, ಪರದೆ ಹಿಂದೆ ದಡದಡ ಓಡಿ, ಬಲಗಡೆ ಬರುತ್ತಿದ್ದಳು. ಸುಮ್ನೆ ಕಣ್ಣಾಮುಚ್ಚಾಲೆ! ಚಪ್ಪಲಿ ಬಿಡಿಸಿದೆವು. 12 ಎಣಿಸಿ ಬಾ ಅಂದೆವು. ಅಷ್ಟು ಹೊತ್ತು ಖಾಲಿ ನಡುಮನೆ, ಒಳಗಿನಿಂದ “ಯಾರಾದ್ರೂ ಇದೀರಾ?” ಎಂಬ ದನಿ ದೂರವಾಗುತ್ತಾ ಹೋಗಬೇಕು. ಹೋಗುವಾಗ ಅವಳು ಕಾಫಿ ಕುಡಿದು ಲೋಟ ಕವುಚಿ ಇಡುತ್ತಾಳೆ. ನಡುವೆ ಒಂದು ಕ್ಷಣ ಕತ್ತಲು. ಬರುವಷ್ಟರಲ್ಲಿ ಲೋಟ ನೆಟ್ಟಗೆ ನಿಂತಿರುತ್ತದೆ.

ಜಾಸ್ತಿ ಒದ್ದಾಡಿದ್ದು ಸದ್ದಿಗೆ. ಗೂಬೆ, ಗುಡುಗು ಹಾಕಿ ನೋಡಿದೆ, ಥೂ! ಕೊನೆಗೆ ರಾತ್ರಿ 2 ಗಂಟೆಗೆ ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಹತ್ತಿರ ಫೋನ್ ಹಿಡಿದು ನಿಂತೆ. ನಾಯಿಗಳ ದೆಸೆಯಿಂದ ಮೂರು ಸಲ ರೆಕಾರ್ಡ್ ಮಾಡಬೇಕಾಯಿತು. ನಮ್ಮ ಕರೆಂಟು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಆವರ್ತನೆ. ಒಳಗಿನ ಕಬ್ಬಿಣ ಅದರ ಎರಡು ಪಟ್ಟು ಅದುರುವುದರಿಂದ ಆ ಗುಂಯ್ ಸದ್ದು 100 ಹರ್ಟ್ಸ್. ಅಷ್ಟು ಕೆಳಗಿನ ದನಿ ಸಣ್ಣ ಸ್ಪೀಕರ್‌ನಲ್ಲಿ ಸರಿಯಾಗಿ ಕೇಳಲೇ ಇಲ್ಲ. ದೊಡ್ಡ ಬಾಕ್ಸ್ ಬಾಡಿಗೆಗೆ ತಂದೆ.

ಜನ ಬಂದು ಕೂರುವಾಗಲೇ ಸಣ್ಣಗೆ ಹಾಕಿಬಿಟ್ಟೆ. ಫ್ಯಾನಿನ ಸದ್ದು ಅಂದುಕೊಂಡರೋ ಏನೋ, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕೊನೆಯ ಬಾಗಿಲು ತೆರೆದ ಕೂಡಲೇ ಪಟ್ಟನೆ ನಿಲ್ಲಿಸಿದೆ. ಮುಂದಿನ ಸಾಲಿನಲ್ಲಿ ಒಬ್ಬರು ಕಾಲು ಮೇಲೆಳೆದುಕೊಂಡರು.

ಆಮೇಲೆ ಒಬ್ಬ ಅಜ್ಜಿ ಬಂದು ಕೈ ಹಿಡಿದರು. “ಕರೆಂಟ್ ಹೋಯ್ತು ಅಂದ್ಕೊಂಡೆ ಕಣಪ್ಪ. ನೋಡಿದ್ರೆ ಲೈಟ್ ಉರೀತಾನೇ ಇದೆ!”