ಬಿಲ್ ಬುಕ್ ಆರ್ಡರು ಆನ್‌ಲೈನ್‌ಗೆ ಹೋದದ್ದು: ನನ್ನ ಅನುಭವ

ನನ್ನ ಪ್ರಿಂಟಿಂಗ್ ಪ್ರೆಸ್ಸಿನ ಆರ್ಡರು ಇನ್ನು ಆನ್‌ಲೈನ್ ಫಾರಂನಲ್ಲಿ ತಗೋತೀನಿ ಅಂದಾಗ, ನಮ್ಮ ಗಿರಾಕಿ ಫಾರಂ ತುಂಬೋ ಜನ ಅಲ್ಲ, ಹಳೇ ಬಿಲ್ಲಿನ ಫೋಟೊ ವಾಟ್ಸ್ಆ್ಯಪ್ ಮಾಡಿ "ಇದೇ ಥರ ಹತ್ತು ಬುಕ್" ಅಂತಾರೆ ಅಷ್ಟೇ, ಅಂತ ಊರಿನ ಪ್ರೆಸ್‌ನವರೆಲ್ಲ ನಕ್ಕಿದ್ದರು. ಈಗ ನನ್ನ ಬಿಲ್ ಬುಕ್, ವಿಸಿಟಿಂಗ್ ಕಾರ್ಡ್ ಆರ್ಡರುಗಳಲ್ಲಿ ಹತ್ತಕ್ಕೆ ಏಳು ಫಾರಂನಿಂದಲೇ ಬರುತ್ತವೆ. ನಕ್ಕವರಲ್ಲಿ ಇಬ್ಬರು ಬಂದು ನೋಡಿಕೊಂಡೂ ಹೋದರು.

ಮೊದಲು ಒಂದು ರೆಡಿಮೇಡ್ ಸಾಫ್ಟ್‌ವೇರಿಗೆ ವರ್ಷಕ್ಕೆ 60 ಸಾವಿರದ ಹತ್ತಿರ ಸುರಿದೆ. ಗಿರಾಕಿ ಲಾಗಿನ್ ಆಗಬೇಕು, ಪಾಸ್‌ವರ್ಡ್ ಇಡಬೇಕು, ತಾನೇ ಡಿಸೈನ್ ಎಳೆದಾಡಬೇಕು. ಯಾರು ಮಾಡ್ತಾರೆ? ಸಾಲದ್ದಕ್ಕೆ ಅದರ ಪಿಡಿಎಫ್‌ನಲ್ಲಿ ಕನ್ನಡ ಒತ್ತಕ್ಷರ ಕೂರುತ್ತಲೇ ಇರಲಿಲ್ಲ. ಲಕ್ಷ್ಮೀ ಟ್ರೇಡರ್ಸ್ ಅಂತ ಹೊಡೆದರೆ ಲಕ್‌ಷ್‌ಮೀ ಅಂತ ಬರುತ್ತಿತ್ತು. ಮರುವರ್ಷ ರಿನ್ಯೂ ಮಾಡಲಿಲ್ಲ.

ಆಮೇಲೆ ಇಂಜಿನಿಯರಿಂಗ್ ಓದುತ್ತಿದ್ದ ಒಬ್ಬ ಹುಡುಗನಿಗೆ 25 ಸಾವಿರ ಕೊಟ್ಟು ಆ್ಯಪ್ಸ್ ಸ್ಕ್ರಿಪ್ಟ್‌ನಲ್ಲಿ (ಗೂಗಲ್‌ನವರ ಪ್ರೋಗ್ರಾಂ ಬರೆಯೋ ಸೌಲಭ್ಯ) ಒಂದೇ ಪುಟದ ಫಾರಂ ಮಾಡಿಸಿದೆ. ಲಾಗಿನ್ ಇಲ್ಲ. ಲಿಂಕ್ ವಾಟ್ಸ್ಆ್ಯಪ್‌ನಲ್ಲೇ ಹೋಗುತ್ತದೆ. ಟೆಂಪ್ಲೇಟ್ ಎಲ್ಲ ಇಂಕ್‌ಸ್ಕೇಪ್ ಅನ್ನೋ ಉಚಿತ ಡಿಸೈನ್ ಸಾಫ್ಟ್‌ವೇರಿನಲ್ಲಿ, ಯುನಿಕೋಡ್ ಅಕ್ಷರದಲ್ಲಿ. ಯುನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿದ್ದ ಹಳೇ ಕೋರೆಲ್ ಡಿಸೈನ್ ಫೈಲುಗಳನ್ನು ಮತ್ತೆ ಕೂಡಿಸೋದರಲ್ಲೇ ಒಂದು ಮಳೆಗಾಲ ಹೋಯಿತು.

ನಿಜವಾದ ಲಾಭ ಜಿಎಸ್‌ಟಿ ನಂಬರಿನಲ್ಲಿ. 15 ಅಕ್ಷರ ಇರುತ್ತೆ ಅಲ್ವಾ, ಮೊದಲು ನಮ್ಮ ರಾಜ್ಯದ ಕೋಡ್ 29, ಆಮೇಲೆ ಪ್ಯಾನ್. ಕೊನೆಯದು ಹಿಂದಿನ ಹದಿನಾಲ್ಕರ ಲೆಕ್ಕದಿಂದ ಬರುವ ಚೆಕ್ ಅಕ್ಷರ. ನಡುವೆ ಒಂದಂಕಿ ತಪ್ಪಿದರೆ ಪುಟ ಮುಂದಕ್ಕೇ ಹೋಗುವುದಿಲ್ಲ. ಮೊದಲು ಫೋಟೊ ನೋಡಿ ನಾವು ಟೈಪ್ ಮಾಡುವಾಗ 8 ಇದ್ದದ್ದು ಬಿ ಆಗಿ, ನಂಬರಿಂಗು, ಬೈಂಡಿಂಗು ಎಲ್ಲ ಮುಗಿದ ಮೇಲೆ ಗಿರಾಕಿ ಬುಕ್ ವಾಪಸ್ ತರುತ್ತಿದ್ದರು. ವರ್ಷಕ್ಕೆ ಏನಿಲ್ಲ ಅಂದರೂ 30 ಸಾವಿರ ಹೀಗೇ ರದ್ದಿಗೆ ಹೋಗುತ್ತಿತ್ತು. ಈಗ ಟೈಪ್ ಮಾಡೋದೂ ಅವರೇ, ಪ್ರೂಫಿಗೆ ಓಕೆ ಒತ್ತೋದೂ ಅವರೇ. ಅಡ್ವಾನ್ಸ್ ಬಂದ ಮೇಲೆ ನಾನು ಗೂಗಲ್ ಶೀಟ್‌ನಲ್ಲಿ ಟಿಕ್ ಹಾಕುತ್ತೇನೆ, ಫೈಲು ತಾನಾಗೇ ಹಾಟ್ ಫೋಲ್ಡರಿಗೆ, ಅಂದರೆ ಬಿದ್ದ ಫೈಲನ್ನು ತಾನೇ ಪ್ರಿಂಟಿಂಗಿಗೆ ತಗೊಳ್ಳೋ ಫೋಲ್ಡರಿಗೆ, ಬೀಳುತ್ತದೆ. ಟಿಕ್ ಇಲ್ಲದೆ ನಮ್ಮ ಮಾವನ ಫೈಲೂ ಹೋಗುವುದಿಲ್ಲ.

ಶುರುವಿನಲ್ಲಿ ಕಪ್ಪು ಬಣ್ಣ ಆಟ ಆಡಿಸಿತು. ಇಂಕ್‌ಸ್ಕೇಪ್ ಕೊಡೋದು ಆರ್‌ಜಿಬಿ, ಅಂದರೆ ಪರದೆಯ ಬಣ್ಣ; ಅದನ್ನು ಸುಮ್ನೆ ಪ್ರಿಂಟಿಂಗಿನ ನಾಲ್ಕು ಇಂಕಿನ ಸಿಎಂವೈಕೆ ಮಾಡಿದರೆ ಕಪ್ಪಕ್ಷರ ನಾಲ್ಕೂ ಬಣ್ಣಕ್ಕೆ ಹಂಚಿಹೋಗುತ್ತದೆ. ಸಿಂಗಲ್ ಕಲರ್ ಬಿಲ್ ಬುಕ್ಕಿಗೆ ಸಿಟಿಪಿಯವರು (ಕಂಪ್ಯೂಟರ್ ಫೈಲಿನಿಂದ ಪ್ಲೇಟ್ ಮಾಡಿಕೊಡುವವರು) ಬಣ್ಣಕ್ಕೊಂದರಂತೆ ನಾಲ್ಕು ಪ್ಲೇಟ್ ತೆಗೆದು ಬಿಲ್ ಕಳಿಸಿದರು! ಪಿಡಿಎಫ್ ಪರಿವರ್ತಿಸೋ ಗೋಸ್ಟ್‌ಸ್ಕ್ರಿಪ್ಟ್ ಸಾಫ್ಟ್‌ವೇರಿನಲ್ಲಿ ಇದಕ್ಕೆ ದಾರಿ ಇದೆ, ನಾನು ಯಾವ ಸೆಟ್ಟಿಂಗ್ ಇಟ್ಟಿದ್ದೇನೆ ಅನ್ನೋದು ಮಾತ್ರ ನನ್ನ ಹತ್ರಾನೇ ಇರಲಿ.

ವಿಸಿಟಿಂಗ್ ಕಾರ್ಡ್ 13x19 ಇಂಚಿನ ಶೀಟಿಗೆ 24 ಕೂರುತ್ತವೆ. ನೂರು ನೂರರ ಎಂಟು ಆರ್ಡರು ಸೇರಿದರೆ ಸ್ಕ್ರಿಪ್ಟು ಒಬ್ಬೊಬ್ಬರಿಗೆ ಮೂರು ಜಾಗ ಕೊಡುತ್ತದೆ, 34 ಶೀಟಿಗೆ ಎಲ್ಲರದ್ದೂ ಮುಗಿಯುತ್ತದೆ. ಬೇರೆ ಬೇರೆ ಹೊಡೆದರೆ 40. ಉಳಿದದ್ದು ಆರೇ ಶೀಟಲ್ವಾ ಅನ್ನಬೇಡಿ, ಕಟಿಂಗ್ ಎಂಟು ಸಲದ ಬದಲು ಒಂದೇ ಸಲ. ಟೈಪಿಂಗ್ ಕೆಲಸ ಕಮ್ಮಿಯಾಗಿ, ಡಿಟಿಪಿಗೆ ಇದ್ದ ಇಬ್ಬರಲ್ಲಿ ಒಬ್ಬರು ಈಗ ಡಿಜಿಟಲ್ ಮಷೀನು ನೋಡಿಕೊಳ್ಳುತ್ತಾರೆ.

ಶಾಲೆಯ ಐಡಿ ಕಾರ್ಡಿಗೂ ಇದನ್ನೇ ಹಚ್ಚಿ ನೋಡಿದೆ. ಎಕ್ಸೆಲ್ ಬಂತು, ಫೋಟೊಗಳೂ ಬಂದವು, ಆದರೆ ಫೋಟೊಗಳಿಗೆಲ್ಲ ವಾಟ್ಸ್ಆ್ಯಪ್ ಇಟ್ಟ ಹೆಸರು. ಯಾವ ಮುಖ ಯಾವ ಮಗುವಿನದು ಅಂತ ಮೇಷ್ಟ್ರೇ ಬಂದು ಕೂತು ಹೇಳಬೇಕಾಯಿತು. ಸದ್ಯಕ್ಕೆ ಬಿಟ್ಟಿದ್ದೇನೆ. ಲಗ್ನಪತ್ರಿಕೆಯನ್ನಂತೂ ಇದಕ್ಕೆ ಸೇರಿಸುವುದೇ ಇಲ್ಲ. ಸುಖಾಗಮನ ಬಯಸುವವರ ಪಟ್ಟಿ ಪ್ಲೇಟ್ ಹಾಕೋ ತನಕ ಬೆಳೀತಾನೇ ಇರುತ್ತೆ, ಅದಕ್ಕೆ ಯಾವ ಫಾರಂ ಸಾಕಾಗುತ್ತೆ ಹೇಳಿ.