ಪುಸ್ತಕ ಮುಂದೆ, ನೋಟ್‌ಬುಕ್ ಹಿಂದೆ: ಒಂದೇ ಪ್ರತಿಯನ್ನು ಏಳು ಜನ ಅಂಚೆಯಲ್ಲಿ ಓದಿದ್ದು

ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಕಾದಂಬರಿ ತಂದು ಓದಿದವರಿಗೆಲ್ಲ ಅದರ ಕೊನೆಯ ಪುಟ ನೆನಪಿರುತ್ತದೆ. ‘ತುಂಬಾ ಚೆನ್ನಾಗಿದೆ, ಎಲ್ಲರೂ ಓದಿ’ ಎಂದು ಒಬ್ಬರು ಬರೆದಿರುತ್ತಿದ್ದರು. ಅದರ ಕೆಳಗೆ ‘ಬರೀ ಬೋರು’ ಎಂದು ಇನ್ನೊಬ್ಬರು, ಅವರಿಗೆ ಬೈದು ಮತ್ತೊಬ್ಬರು. ಮುಖ ನೋಡದ ಓದುಗರು ಅಲ್ಲಿ ಮಾತಾಡಿಕೊಳ್ಳುತ್ತಿದ್ದರು, ಅದು ನನಗೆ ಇಷ್ಟ. ಆದರೆ ಎಲ್ಲವೂ ಓದಿ ಮುಗಿಸಿದ ಮೇಲೆ ಕೊಟ್ಟ ತೀರ್ಪು. ಅರ್ಧ ಓದಿದಾಗ ಏನನಿಸಿತ್ತು, ಯಾವ ಪುಟಕ್ಕೆ ಪುಸ್ತಕ ಮುಚ್ಚಿಟ್ಟು ಎದ್ದು ಹೋದರು, ಯಾರ ಮೇಲೆ ಸಿಟ್ಟು ಬಂತು, ಆ ಸಿಟ್ಟು ಎಲ್ಲಿ ಇಳಿಯಿತು, ಇದ್ಯಾವುದೂ ಎಲ್ಲೂ ಉಳಿಯುತ್ತಿರಲಿಲ್ಲ. ನನಗೆ ಬೇಕಾಗಿದ್ದದ್ದು ಅದು.

ಅದಕ್ಕಾಗಿಯೇ ಬೇರೆ ಬೇರೆ ಊರಿನ ಏಳು ಜನ ಸೇರಿ, ಒಂದೇ ಪ್ರತಿಯನ್ನು ಅಂಚೆಯಲ್ಲಿ ಕೈಯಿಂದ ಕೈಗೆ ದಾಟಿಸುತ್ತ ಒಂದು ಕಾದಂಬರಿ ಓದಿದೆವು. ಓದುವಾಗ ಅನಿಸಿದ್ದನ್ನೆಲ್ಲ ಬರೆದಿಟ್ಟೆವು. ಹೇಗೆ ಮಾಡಿದೆವು ಎಂದು ಹಲವರು ಕೇಳಿದ್ದರಿಂದ ವಿವರವಾಗಿ ಬರೆಯುತ್ತಿದ್ದೇನೆ.

ಆರಿಸಿಕೊಂಡದ್ದು ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’. ಮೂರು ತಲೆಮಾರಿನ ಕಥೆ. ಕಡಲಿಗೂ ಹೊಳೆಗೂ ನಡುವಿನ ಕೋಡಿ ಎಂಬ ಊರಿನಲ್ಲಿ ಬದುಕುವ ರಾಮ ಐತಾಳರು, ಇಂಗ್ಲಿಷ್ ಓದಿ ದಾರಿ ತಪ್ಪುವ ಅವರ ಮಗ ಲಚ್ಚ, ಓದಿಯೂ ಕೆಲಸ ಸಿಗದೆ ಅಲೆದು ಊರಿಗೆ ಮರಳುವ ಮೊಮ್ಮಗ ರಾಮ. ಇಂಥ ಓದಿಗೆ ದೊಡ್ಡ ಕಾದಂಬರಿಯೇ ಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಒಂದೇ ರಾತ್ರಿಯಲ್ಲಿ ಮುಗಿಯುವ ಪುಸ್ತಕದಲ್ಲಿ ಮನಸ್ಸು ಬದಲಾಗುವುದಕ್ಕೆ ಜಾಗವಿರುವುದಿಲ್ಲ. ಮೂರು ತಲೆಮಾರು ದಾಟುವಷ್ಟರಲ್ಲಿ ಓದುಗರೂ ಒಂದೆರಡು ಸಲ ಪಕ್ಷ ಬದಲಿಸಿರುತ್ತಾರೆ.

ಏಳು ಜನ ಎಂದರೆ ಶಿವಮೊಗ್ಗದ ನಾನು, ಧಾರವಾಡದ ಒಬ್ಬರು ನಿವೃತ್ತ ಮಾಸ್ತರರು, ಕಲಬುರಗಿಯ ರೈತರೊಬ್ಬರು, ಮುಂಬೈ ಬಳಿಯ ಡೊಂಬಿವಲಿಯಲ್ಲಿ ನೆಲೆಸಿರುವ ಒಬ್ಬ ಗೃಹಿಣಿ, ಬೆಂಗಳೂರಿನ ಒಬ್ಬ ಯುವಕ, ಶಿರಸಿ ಹತ್ತಿರದ ತೋಟದ ಮನೆಯ ಅಕ್ಕ, ಕುಂದಾಪುರದ ಕಡೆಯ ಒಬ್ಬ ನರ್ಸ್. ಸರದಿಯೂ ಇದೇ. ಸರದಿ ಮಾಡುವಾಗ ದೂರ ಹತ್ತಿರ ನೋಡಲಿಲ್ಲ. ಕಥೆ ನಡೆಯುವ ಸೀಮೆಯವರು ಕೊನೆಗೆ ಬರಬೇಕು ಎಂದು ತೀರ್ಮಾನಿಸಿದೆವು. ಕರಾವಳಿಯ ಓದುಗರು ಮೊದಲೇ ಓದಿ ಎಲ್ಲವನ್ನೂ ವಿವರಿಸಿಬಿಟ್ಟರೆ ಬಯಲುಸೀಮೆಯವರಿಗೆ ಪ್ರಶ್ನೆಗಳೇ ಹುಟ್ಟುವುದಿಲ್ಲ. ಪ್ರಶ್ನೆಗಳು ದಾರಿಯುದ್ದಕ್ಕೂ ಗುಡ್ಡೆಬಿದ್ದು ಕೊನೆಗೆ ಉತ್ತರ ಬಲ್ಲವರ ಕೈಸೇರಬೇಕು. ಶಿರಸಿಯವರಿಗೆ ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ಪುಸ್ತಕ ಹೋಗದಂತೆ ನೋಡಿಕೊಂಡದ್ದು ಇನ್ನೊಂದು. ಕೊಯ್ಲು ನಡೆಯುವ ಮನೆಯಲ್ಲಿ ಕಾದಂಬರಿ ಹಿಡಿದು ಕೂರುವುದು ಆಗದ ಮಾತು.

ಈಗ ಅಂಚೆಯ ವಿಷಯ. 2025ರ ಮೇ 1ರಿಂದ ಅಂಚೆ ಇಲಾಖೆ ಪುಸ್ತಕಗಳಿಗೆಂದೇ ‘ಜ್ಞಾನ್ ಪೋಸ್ಟ್’ ಎಂಬ ಸೇವೆ ಶುರುಮಾಡಿದೆ. 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ, ಮೇಲೆ ತೆರಿಗೆ. ನೆಲದ ಮಾರ್ಗದಲ್ಲೇ ಹೋಗುವುದರಿಂದ ತುಸು ನಿಧಾನ, ಆದರೆ ಎಲ್ಲಿದೆ ಎಂದು ಟ್ರ್ಯಾಕ್ ಮಾಡಬಹುದು. ಒಂದು ಷರತ್ತನ್ನು ಮಾತ್ರ ಎಲ್ಲರೂ ತಿಳಿದಿರಬೇಕು. ಇದು ಅಚ್ಚಾದ ಪುಸ್ತಕಕ್ಕೆ ಮಾತ್ರ. ಪುಸ್ತಕದ ಮೇಲೆ ಮುದ್ರಕರ ಅಥವಾ ಪ್ರಕಾಶಕರ ಹೆಸರಿರಬೇಕು, ಒಳಗೆ ಖಾಸಗಿ ಪತ್ರ ಇಡುವಂತಿಲ್ಲ. ಕೈಬರಹದ ನೋಟ್‌ಬುಕ್ಕನ್ನು ಇದರ ಜೊತೆ ಸೇರಿಸಿ ಕಳಿಸುವ ಹಾಗಿಲ್ಲ.

ನಮ್ಮ ಇಡೀ ಪದ್ಧತಿ ಹುಟ್ಟಿದ್ದು ಈ ಷರತ್ತಿನಿಂದ. ಪುಸ್ತಕವೂ ನೋಟ್‌ಬುಕ್ಕೂ ಬೇರೆ ಬೇರೆಯಾಗಿ ಹೋಗಲೇಬೇಕು ಎಂದಾದರೆ ಬೇರೆ ಬೇರೆ ದಿನವೇ ಹೋಗಲಿ ಎಂದುಕೊಂಡೆವು. ಮೊದಲು ಪುಸ್ತಕ ಮಾತ್ರ ಹೋಗುತ್ತದೆ. ಪಡೆದವರು ಓದುತ್ತ ಓದುತ್ತ ತಮಗನಿಸಿದ್ದನ್ನು ಚೀಟಿಗಳಲ್ಲಿ ಬರೆದಿಡುತ್ತಾರೆ. ಒಂದು ಚೀಟಿಗೆ ಒಂದೇ ಅನಿಸಿಕೆ, ಮೇಲೆ ಪುಟಸಂಖ್ಯೆ, ದಿನಾಂಕ. ಪುಸ್ತಕದಲ್ಲಿ ಒಂದು ಗೆರೆಯನ್ನೂ ಎಳೆಯುವಂತಿಲ್ಲ. ಓದಿ ಮುಗಿದ ಮೇಲೆ ಹಿಂದಿನ ಓದುಗರಿಗೆ ‘ಮುಗಿಯಿತು’ ಎಂದು 50 ಪೈಸೆಯ ಒಂದು ಕಾರ್ಡು. ಅದು ಕೈಸೇರಿದ ಮೇಲೆಯೇ ಅವರು ನೋಟ್‌ಬುಕ್ಕನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸುತ್ತಾರೆ. ಪಡೆದವರು ಮೊದಲು ತಮ್ಮ ಚೀಟಿಗಳನ್ನು ಅದರಲ್ಲಿ ಅಂಟಿಸಬೇಕು. ಆಮೇಲೆ ಹಿಂದಿನವರದನ್ನು ಓದಬೇಕು. ಅದನ್ನೋದಿ ಹೇಳಬೇಕೆನಿಸಿದ್ದನ್ನು ಕೆಂಪು ಶಾಯಿಯಲ್ಲಿ ಪಕ್ಕದಲ್ಲಿ ಬರೆಯಬೇಕು. ಅಷ್ಟರಲ್ಲಿ ಪುಸ್ತಕ ಮುಂದಿನ ಊರಿಗೆ ಹೊರಟಿರುತ್ತದೆ. ಹೀಗೆ ಪುಸ್ತಕ ಸದಾ ಒಂದು ಮನೆ ಮುಂದೆ, ನೋಟ್‌ಬುಕ್ ಒಂದು ಮನೆ ಹಿಂದೆ.

ವಾಟ್ಸ್ಆ್ಯಪ್‌ನಲ್ಲಿ ಒಂದು ಗುಂಪು ಮಾಡಿಕೊಂಡರೆ ಸಾಲದೇ ಎಂದು ಹಲವರು ಕೇಳಿದ್ದಾರೆ. ಸಾಲದು. ಗುಂಪಿನಲ್ಲಿ ಒಬ್ಬರು ‘ಅದ್ಭುತ’ ಎಂದ ಕೂಡಲೇ ಉಳಿದವರ ಓದು ಅತ್ತಲೇ ವಾಲುತ್ತದೆ. ಪಾತ್ರವೊಂದರ ಮೇಲೆ ನಿಜಕ್ಕೂ ಸಿಟ್ಟು ಬಂದವರು ಹೇಳಲೋ ಬೇಡವೋ ಎಂದು ಹಿಂಜರಿಯುತ್ತಾರೆ. ಬೇರೆಯವರ ಮಾತು ಕಿವಿಗೆ ಬೀಳುವ ಮೊದಲು ನಮ್ಮದನ್ನು ಬರೆದು ಮುಗಿಸಿರುವುದು ಬಹಳ ದೊಡ್ಡ ಸ್ವಾತಂತ್ರ್ಯ.

ಅದು ಎಷ್ಟು ದೊಡ್ಡದು ಎಂದು ಗೊತ್ತಾದದ್ದು ಧಾರವಾಡದ ಮಾಸ್ತರರ ಚೀಟಿಗಳಿಂದ. ಕಾದಂಬರಿಯಲ್ಲಿ ಪಾರೋತಿಗೆ ಮಕ್ಕಳಾಗಲಿಲ್ಲವೆಂದು ರಾಮ ಐತಾಳರು ಸತ್ಯಭಾಮೆಯನ್ನು ಎರಡನೇ ಮದುವೆಯಾಗುತ್ತಾರೆ. ಅಲ್ಲಿಗೆ ಮಾಸ್ತರರ ಚೀಟಿ ಹೀಗಿದೆ: ‘ಮಕ್ಕಳಿಲ್ಲದಾಂವ ಇನ್ನೇನ್ ಮಾಡ್ಬೇಕ್ರಿ? ಆಗಿನ ಕಾಲದಾಗ ಎಲ್ಲಾರೂ ಮಾಡಿದ್ದ ಇದ.’ ಅಕ್ಷರ ದೊಡ್ಡದಾಗಿ, ಒತ್ತಿ ಬರೆದದ್ದು. ಕೆಲವು ದಿನಗಳ ನಂತರದ ಇನ್ನೊಂದು ಚೀಟಿ, ಅಕ್ಷರ ಸಣ್ಣದು: ‘ಪಾರೋತಿ ಮಾರಿ ಕಣ್ಣಮುಂದ ಬರ್ತದ. ಮದಲಿನ ಚೀಟಿ ಹರದ ಒಗೀಬೇಕಂತ ಎದ್ದಿದ್ದೆ. ನಿಯಮ ಅದ ಅಂತ ಹಂಗ ಇಟ್ಟೇನಿ.’

ಬರೆದ ಚೀಟಿಯನ್ನು ಹರಿಯಬಾರದು ಎನ್ನುವುದು ನಮ್ಮ ನಿಯಮ. ಮಾಸ್ತರರು ಓದಿ ಮುಗಿಸಿದ ಮೇಲೆ ಒಂದೇ ಅಭಿಪ್ರಾಯ ಬರೆದಿದ್ದರೆ ಎರಡನೆಯದು ಮಾತ್ರ ನಮಗೆ ಸಿಗುತ್ತಿತ್ತು, ಪಾರೋತಿಯ ಬಗ್ಗೆ ಮರುಕದ ನಾಲ್ಕು ಒಳ್ಳೆಯ ಸಾಲು. ಒಂದು ಕಾದಂಬರಿ ಇಷ್ಟು ವಯಸ್ಸಾದ ಮನುಷ್ಯನನ್ನು ಆ ಚೀಟಿಯಿಂದ ಈ ಚೀಟಿಗೆ ನಡೆಸಿಕೊಂಡು ಬಂದದ್ದು ಕಾಣುತ್ತಲೇ ಇರಲಿಲ್ಲ. ಕಾದಂಬರಿಯ ಶಕ್ತಿ ಇರುವುದು ಆ ದಾರಿಯಲ್ಲಿ ಎಂದು ನಾನು ನಂಬುತ್ತೇನೆ. ಅದನ್ನು ದಾಖಲಿಸುವುದು ಓದುಗರಿಂದ ಮಾತ್ರ ಆಗುವ ಕೆಲಸ.

ಕಲಬುರಗಿಯವರ ಕಷ್ಟವೇ ಬೇರೆ. ಅವರು ಎರೆ ಭೂಮಿಯಲ್ಲಿ ತೊಗರಿ, ಜೋಳ ಬೆಳೆಯುವವರು. ‘ಸಮುದ್ರದ ಬಾಜೂಕ ಗದ್ದಿ ಹ್ಯಾಂಗ್ ಬೆಳೀತದರಿ? ಉಪ್ಪು ನೀರು ಬರಂಗಿಲ್ಲೇನು? ಮನಿ ಎಲ್ಲಿ, ಹೊಳಿ ಎಲ್ಲಿ, ನನಗ ತಿಳೀವಲ್ದು’ ಎಂದು ಶುರುವಿನಲ್ಲೇ ಬರೆದಿದ್ದರು. ನಡುವಿನ ಯಾರಿಗೂ ಅದಕ್ಕೆ ಸರಿಯಾದ ಉತ್ತರ ಗೊತ್ತಿರಲಿಲ್ಲ. ನೋಟ್‌ಬುಕ್ ಕುಂದಾಪುರಕ್ಕೆ ಹೋದಾಗ ಆ ನರ್ಸ್ ಎರಡು ಪುಟ ತುಂಬ ಪೆನ್ಸಿಲಿನಲ್ಲಿ ನಕ್ಷೆ ಬರೆದರು. ಎಡಕ್ಕೆ ಕಡಲು, ಅದಕ್ಕೆ ತಾಗಿ ಮರಳದಿಬ್ಬ, ತೆಂಗಿನ ಸಾಲು, ಮನೆ, ಗದ್ದೆ, ಬಲತುದಿಯಲ್ಲಿ ಹೊಳೆ. ಹೊಳೆಯ ನೀರು ಮಳೆಗಾಲದಲ್ಲಿ ಸಿಹಿ, ಬೇಸಿಗೆಯಲ್ಲಿ ಭರತದ ಹೊತ್ತಿಗೆ ಉಪ್ಪು ಎಂದು ಬಾಣ ಹಾಕಿ ತೋರಿಸಿದ್ದರು. ಕೆಳಗೆ ಕೆಂಪು ಶಾಯಿಯಲ್ಲಿ ‘ಈಗ್ಳೂ ಹೀಂಗೇ ಇತ್ತ್ ಕಾಣಿ’ ಎಂಬ ಒಂದು ಸಾಲು. ಪುಸ್ತಕ ನನ್ನಲ್ಲಿಗೆ ಮರಳಿದ ಮೇಲೆ ನೋಟ್‌ಬುಕ್ಕನ್ನು ಮಾತ್ರ ಇನ್ನೊಂದು ಸುತ್ತು ಕಳಿಸಿದೆವು. ಮೊದಲು ಓದಿದವರು ನಂತರದವರ ಮಾತು ನೋಡಬೇಕಲ್ಲ, ಅದಕ್ಕೆ. ನಕ್ಷೆ ನೋಡಿದ ಕಲಬುರಗಿಯವರು ತಾಲ್ಲೂಕು ಗ್ರಂಥಾಲಯದಿಂದ ಕಾದಂಬರಿ ತಂದು ಮೊದಲ ಭಾಗವನ್ನು ಮತ್ತೊಮ್ಮೆ ಓದಿದರಂತೆ.

ಬೆಂಗಳೂರಿನ ಯುವಕನ ಚೀಟಿಗಳು ಎಲ್ಲಕ್ಕಿಂತ ಕಡಿಮೆ. ಐತಾಳರ ಊರಿನವರೇ ಆದ ಶೀನ ಮಯ್ಯರ ಕಡೆಯವರು ಬೆಂಗಳೂರಿಗೆ ಹೋಗಿ ಹೋಟೆಲು ನಡೆಸುವ ಭಾಗಕ್ಕೆ ಆತ ಬರೆದದ್ದು ಒಂದೇ ಚೀಟಿ. ತನ್ನ ಅಜ್ಜ ಹುಡುಗನಾಗಿದ್ದಾಗ ಕರಾವಳಿಯಿಂದ ಲೋಟ ತೊಳೆಯುವ ಕೆಲಸಕ್ಕೆ ಬಂದವರು, ಊರಿನ ಬಗ್ಗೆ ಮನೆಯಲ್ಲಿ ಎಂದೂ ಮಾತಾಡಿದವರಲ್ಲ ಎಂದು. ಅದಕ್ಕೆ ಪಕ್ಕದಲ್ಲಿ ಯಾರೂ ಏನೂ ಬರೆದಿಲ್ಲ. ಶಿರಸಿಯ ಅಕ್ಕ ಮಾತ್ರ ಬಿಡುವಿಲ್ಲದೆ ಬರೆದಿದ್ದಾರೆ, ಅದರಲ್ಲಿ ಅರ್ಧಕ್ಕರ್ಧ ಐತಾಳರ ವಿಧವೆ ಸೋದರಿ ಸರಸೋತಿಯ ಬಗ್ಗೆ. ‘ಇವಳ ಕೈ ಒಂದು ಪುಟದಲ್ಲಾದರೂ ಸುಮ್ಮನಿದೆಯೋ ನೋಡೋಣ ಎಂದು ಹುಡುಕುತ್ತಿದ್ದೇನೆ’ ಎನ್ನುತ್ತದೆ ಒಂದು ಚೀಟಿ. ಡೊಂಬಿವಲಿಯವರು ಲಚ್ಚನ ಹೆಂಡತಿ ನಾಗವೇಣಿಯ ಪರ ನಿಂತರು. ಲಚ್ಚನನ್ನು ಯಾರೂ ಕ್ಷಮಿಸಲಿಲ್ಲ.

ಇನ್ನು ಕೈಕೆಲಸದ ಮಾತು. ನೋಟ್‌ಬುಕ್ ರಟ್ಟಿನ ಹೊದಿಕೆಯ ಲಾಂಗ್ ಬುಕ್ ಆಗಿರಲಿ, ಹೊಲಿಗೆ ಹಾಕಿದ್ದು. ಚೀಟಿ ಅಂಟಿಸುತ್ತ ಹೋದಂತೆ ಅದು ಉಬ್ಬಿ ಬೆನ್ನು ಒಡೆಯುತ್ತದೆ. ಹಾಗಾಗದಿರಲು ಶುರುವಿಗೇ ಒಂದು ಬಿಟ್ಟು ಒಂದು ಹಾಳೆಯನ್ನು ಹೊಲಿಗೆಯ ಬಳಿ ಒಂದು ಬೆರಳಗಲ ಉಳಿಸಿ ಕತ್ತರಿಸಿಡಬೇಕು. ಮೈದಾ ಅಂಟು ಬೇಡ, ಜಿರಲೆ ತಿನ್ನುತ್ತದೆ. ಗ್ಲೂ ಸ್ಟಿಕ್ ಸಾಕು, ಅದನ್ನೂ ಚೀಟಿಯ ಮೇಲಂಚಿಗೆ ಮಾತ್ರ ಹಚ್ಚಿದರೆ ಹಿಂಬದಿಯಲ್ಲಿ ಬರೆದದ್ದನ್ನೂ ಎತ್ತಿ ಓದಬಹುದು. ಚೀಟಿಗೆ ಜೆಲ್ ಪೆನ್ ಬಳಸಬೇಡಿ, ತೇವಕ್ಕೆ ಹರಡುತ್ತದೆ. ಬಾಲ್ ಪೆನ್ನೇ ಒಳ್ಳೆಯದು.

ಪುಸ್ತಕಕ್ಕೆ ಮೊದಲು ಪ್ಲಾಸ್ಟಿಕ್ ಚೀಲ, ಅದರ ಮೇಲೆ ಎರಡೂ ಬದಿಗೆ ಪುಸ್ತಕಕ್ಕಿಂತ ತುಸು ದೊಡ್ಡದಾದ ರಟ್ಟು, ಆಮೇಲೆ ಖಾಕಿ ಕಾಗದ. ರಟ್ಟು ಹೊರಚಾಚಿದ್ದರೆ ಮೂಲೆಗಳು ಜಜ್ಜುವುದಿಲ್ಲ. ವಿಳಾಸ ಬರೆದ ಇನ್ನೊಂದು ಕಾಗದ ಖಾಕಿಯ ಒಳಗೂ ಇರಲಿ, ಹೊರಗಿನದು ಹರಿದರೂ ಪೊಟ್ಟಣ ದಿಕ್ಕು ತಪ್ಪುವುದಿಲ್ಲ. ಪಿನ್‌ಕೋಡ್ ದೊಡ್ಡದಾಗಿ, ಬಿಡಿಬಿಡಿಯಾಗಿ ಬರೆಯಿರಿ. ಕರ್ನಾಟಕದೊಳಗಿನ ವಿಳಾಸಕ್ಕೆ ಕನ್ನಡ ಸಾಕು, ಡೊಂಬಿವಲಿಯ ವಿಳಾಸವನ್ನು ದೇವನಾಗರಿಯಲ್ಲೂ ಬರೆದೆವು. ಹಳ್ಳಿಯವರಿಗೆ ಕಳಿಸುವಾಗ ನೆನಪಿಡಬೇಕಾದದ್ದು, ಶಾಖಾ ಅಂಚೆ ಕಚೇರಿ ದಿನಕ್ಕೆ ನಾಲ್ಕೈದು ಗಂಟೆ ಮಾತ್ರ ತೆರೆದಿರುತ್ತದೆ. ಶಿರಸಿಯ ಅಕ್ಕ ಆ ಹೊತ್ತನ್ನು ತಿಳಿದುಕೊಂಡು ಪೋಸ್ಟ್‌ಮಾಸ್ಟರಿಗೆ ಮೊದಲೇ ಹೇಳಿಟ್ಟಿದ್ದರು. ಒಬ್ಬೊಬ್ಬರಿಗೆ ಒಂದು ತಿಂಗಳ ಗಡುವು. ಅದಕ್ಕಿಂತ ಕಡಿಮೆಯಾದರೆ ದೊಡ್ಡ ಕಾದಂಬರಿಯನ್ನು ಓಡಿಸಿ ಓದಬೇಕಾಗುತ್ತದೆ, ಆಗ ಚೀಟಿಗಳೂ ಒಣಗುತ್ತವೆ.

ಏಳು ಜನರೂ ಒಂದೊಂದು ಪ್ರತಿ ಕೊಂಡಿದ್ದರೆ ಪ್ರಕಾಶಕರಿಗಾದರೂ ಅನುಕೂಲವಾಗುತ್ತಿತ್ತಲ್ಲ ಎಂದು ಪುಸ್ತಕದಂಗಡಿಯ ಗೆಳೆಯರೊಬ್ಬರು ಆಕ್ಷೇಪಿಸಿದರು. ಸಾವಿರ ಪ್ರತಿ ಅಚ್ಚು ಹಾಕಿ ವರ್ಷಗಟ್ಟಲೆ ಮಾರಬೇಕಾದ ಕನ್ನಡದಲ್ಲಿ ಇದು ತೂಕದ ಮಾತು. ಆದರೆ ಆದದ್ದು ಬೇರೆ. ಸುತ್ತು ಮುಗಿದ ಮೇಲೆ ಮಾಸ್ತರರು, ಡೊಂಬಿವಲಿಯವರು, ಬೆಂಗಳೂರಿನ ಯುವಕ ಮೂವರೂ ಸ್ವಂತ ಪ್ರತಿ ಕೊಂಡರು. ಅಂಚೆಗೂ ಕನ್ನಡ ಓದಿಗೂ ನಂಟು ಹೊಸದೇನಲ್ಲ. 1933ರಲ್ಲಿ ಧಾರವಾಡದಲ್ಲಿ ಜಿ. ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರರಿಗೆ ಪುಸ್ತಕ ಕಳಿಸಿಯೇ ಬೆಳೆದದ್ದು. ತಮ್ಮ ಮನೆಗೂ ಆ ಕಟ್ಟುಗಳು ಬರುತ್ತಿದ್ದವು, ಮೊದಲು ಯಾರು ಬಿಚ್ಚಬೇಕು ಎಂದು ಜಗಳವಾಗುತ್ತಿತ್ತು ಎಂದು ಮಾಸ್ತರರು ಎರಡನೇ ಸುತ್ತಿನಲ್ಲಿ ಬರೆದಿದ್ದಾರೆ.

ಈಗ ಎರಡನೇ ಕಾದಂಬರಿ ಹೊರಡಬೇಕು. ಈ ಸಲ ಕಥೆ ನಡೆಯುವುದು ಬಿಸಿಲುಸೀಮೆಯಲ್ಲಿ. ಹಾಗಾಗಿ ಸರದಿ ತಲೆಕೆಳಗಾಗಿದೆ: ಕುಂದಾಪುರದವರು ಮೊದಲು, ಕಲಬುರಗಿಯವರು ಕೊನೆಗೆ. ನಕ್ಷೆ ಬರೆಯುವ ಸರದಿ ಇನ್ನು ತಮ್ಮದು ಎಂದು ಅವರು ಆಗಲೇ ಕಾರ್ಡು ಹಾಕಿದ್ದಾರೆ. ನೋಟ್‌ಬುಕ್ಕಿನಲ್ಲಿ ಈ ಬಾರಿ ಅದಕ್ಕೆಂದೇ ಕೊನೆಯ ನಾಲ್ಕು ಪುಟ ಕತ್ತರಿಸದೆ ಬಿಟ್ಟಿದ್ದೇನೆ.